ತಿಮ್ಮೇಶ ಭೂಮಿಗೆ ಕೊಟ್ಟಿದ್ದು

ಎಲ್ಲಕ್ಕೂ ಕಾರಣ ಅರ್ಧ ಅರೆದ ಉದ್ದಿನಬೇಳೆ.

ಕಿರಂಗೂರಿನ ತಿಮ್ಮೇಶ ಮನೆ ಪಕ್ಕದ ಕಾರ್ ಸೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಕಾರು ಇರಲಿಲ್ಲ, ಮುಂದೆ ಬರಬಹುದೆಂದು ಕಟ್ಟಿಸಿದ ಸೆಡ್ಡು. ಅವನು ರಾಡನ್ನು ಕಬ್ಬಿಣಕ್ಕೆ ಮುಟ್ಟಿಸಿದಾಗಲೆಲ್ಲ ಮನೆಯ ಕರೆಂಟು ಊಟದ ಎಲೆ ಮುಂದೆ ಮುನಿಸಿಕೊಂಡ ಬೀಗರಂತೆ ಎದ್ದು ಹೋಗುತ್ತಿತ್ತು. ಭಾನುವಾರ ಹಾಗೆ ಹೋದಾಗ ಹೆಂಡತಿ ಲತ ಮಿಕ್ಸಿಯಲ್ಲಿ ದೋಸೆಗೆ ರುಬ್ಬುತ್ತಿದ್ದಳು. ಬಟ್ಟೆ ತುಂಬಿದ ಬ್ಯಾಗೊಂದನ್ನು ತಂದು ಬಾಗಿಲ ಬಳಿ ಇಟ್ಟ ಮೇಲೇ ಬಾಯಿ ಬಿಟ್ಟಿದ್ದು.

“ಇನ್ನೊಂದ್ ಸಲ ನಿಮ್ ಮಿಷನ್ನಿಂದ ಕರೆಂಟೋದ್ರೆ ನಾನು ಚಿನಕುರಳಿಗೆ ಹೊಂಟೋಯ್ತೀನಿ.”

ಚಿನಕುರಳಿ ಅವಳ ತವರು. ತಿಮ್ಮೇಶನಿಗೆ ಹೆಂಡತಿಯ ಮೇಲೆ ಪ್ರೀತಿಯಿತ್ತು, ಅಡಿಗೆ ಬರುತ್ತಿರಲಿಲ್ಲ. ಎರಡೂ ಸೇರಿ ಅವನನ್ನು ಸೋಮವಾರ ಬೆಳಿಗ್ಗೆಯೇ ಶ್ರೀರಂಗಪಟ್ಟಣದ ಅಂಗಡಿಗೆ ಅಟ್ಟಿದವು. ಮೀಟರಿನಿಂದ ಸೆಡ್ಡಿಗೇ ಬೇರೆ ದಪ್ಪ ವಯರು, ಸೆಡ್ಡಿನ ಗೋಡೆಗೆ ಕರೆಂಟು ಹಂಚುವ ನಾಲ್ಕು ಸ್ವಿಚ್ಚಿನ ಹೊಸ ಡಿಬಿ ಬಾಕ್ಸು. ಸಂಜೆಯೊಳಗೆ ಅದು ಮುಗಿಯಬೇಕು. ನಾಳೆ ಕಬ್ಬು ತುಂಬುವ ಹೊನ್ನಪ್ಪನ ಟ್ರಾಲಿಯ ಬಾಗಿಲು ಮುರಿದಿತ್ತು, ಇವತ್ತೇ ಬೆಸೆದು ಕೊಡುತ್ತೇನೆಂದು ತಿಮ್ಮೇಶ ಮಾತು ಕೊಟ್ಟಿದ್ದ.

ವಯರಿಂಗ್ ಕರಿಯಪ್ಪ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಕೆಲಸದಲ್ಲಿ ಮಾತ್ರ ಮೋಸವಿಲ್ಲ. ಸೋರಿದ ಕರೆಂಟು ನೆಲಕ್ಕಿಳಿಯುವಂತೆ ಬಾಕ್ಸಿಗೆ ಮೊದಲು ಅರ್ಥಿಂಗ್ ಕೊಡಬೇಕೆಂದ. ಸೆಡ್ಡಿನ ಬಾಗಿಲಲ್ಲೇ ಆಳೆತ್ತರದ ಗುಂಡಿ ತೋಡಿಸಿದ. ಒಂದು ಮೂಟೆ ಇದ್ದಿಲು, ಒಂದು ಮೂಟೆ ಕಲ್ಲುಪ್ಪು, ಅಂಗೈಯ ಎರಡರಷ್ಟು ಅಗಲದ ತಾಮ್ರದ ತಗಡು ತರಿಸಿದ. ಮುಂದೆ ಯಾರಾದರೂ ಅಗೆದರೆ ತನ್ನನ್ನೇ ಕರೆಯಲಿ ಎಂದು ತಗಡಿನ ಮೇಲೆ ಮೊಳೆಯಿಂದ ತನ್ನ ಫೋನ್ ನಂಬರನ್ನೂ ಕೆತ್ತಿದ.

ಆಗ ಕಾಂಪೌಂಡ್ ಗೋಡೆಯ ಮೇಲೆ ಪಕ್ಕದ ಮನೆಯ ಚಿಕ್ಕಬೋರಮ್ಮನ ತಲೆ ಮೂಡಿತು. ಮೂರು ದಿನದಿಂದ ಅವಳ ಹಸು ಹಾಲು ಕೊಟ್ಟಿರಲಿಲ್ಲ.

“ಏನ್ಲಾ ತಿಮ್ಮೇಶ ಇದು?”

“ಅರ್ಥಿಂಗ್ ಕೊಡ್ತಾ ಇವ್ನಿ ದೊಡ್ಡವ್ವ.”

“ಯಾರ್ಗ್ಲಾ ಕೊಡ್ತಿರೋದು?”

“ಭೂಮಿಗೆ.”

ಚಿಕ್ಕಬೋರಮ್ಮ ಇದ್ದಿಲು ನೋಡಿದಳು. ಉಪ್ಪು ನೋಡಿದಳು. ಅಕ್ಷರ ಕೆತ್ತಿದ ತಾಮ್ರದ ತಗಡು ನೋಡಿದಳು. ತಲೆ ಮುಳುಗಿತು, ಬಾಯಿ ಬೀದಿಯಲ್ಲಿ ಎದ್ದಿತು. ಮಾಟ ಮಾಡಿ ತನ್ನ ಹಸುವಿನ ಕೆಚ್ಚಲು ಕಟ್ಟಿದವನು ಸಿಕ್ಕಿಬಿದ್ದ ಎಂದು ಹಾಲಿನ ಡೈರಿಯವರೆಗೂ ಕೇಳಿಸಿತು. ಬೀದಿಯ ನೀರಿನ ಪೈಪು ಒಡೆದು ಆರು ತಿಂಗಳಾದರೂ ಒಂದು ಅರ್ಜಿಗೆ ಸೇರದ ಜನ, ಒಂದು ಗುಂಡಿ ನೋಡಲು ಆರು ನಿಮಿಷದಲ್ಲಿ ಸೇರಿದರು.

ಟ್ರಾಲಿ ಬಿಡಲು ಬಂದ ಹೊನ್ನಪ್ಪ ಬಿ.ಎಸ್ಸಿ. ಓದಿದವನು. ಅವನೇ ಬಿಡಿಸಿ ಹೇಳುತ್ತಾನೆಂದು ತಿಮ್ಮೇಶ ಧೈರ್ಯ ತಂದುಕೊಂಡ. ಹೊನ್ನಪ್ಪ ತಗಡನ್ನು ಕೈಗೆತ್ತಿಕೊಂಡು ಅಂಕಿಗಳನ್ನು ಕೂಡಿದ. ಮತ್ತೆ ಕೂಡಿದ.

“ಹೆಂಗ್ ಕೂಡುದ್ರೂ ಒಂಬತ್ತೇ ಬತ್ತದೆ. ಮಾಟದ ಯಂತ್ರವೇ ಇದು, ಅನುಮಾನವಿಲ್ಲ.”

ಅದು ಫೋನ್ ನಂಬರು ಎಂದು ತಿಮ್ಮೇಶ ಮೂರು ಸಲ ಹೇಳಿದ. ಓದಿದವನಿಗೆ ಪುರಾವೆ ಬೇಕು. ಹೊನ್ನಪ್ಪ ಮೊಬೈಲು ತೆಗೆದು ಆ ಹತ್ತು ಅಂಕಿ ಒತ್ತಿದ. ಗುಂಡಿಯೊಳಗೆ ಸುಪ್ರಭಾತ ಕೇಳಿಸಿತು. ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು.

“ಅಲೋ, ಯಾರು?” ಎಂದ ಹೊನ್ನಪ್ಪ, ತಗಡನ್ನು ಮೈಯಿಂದ ದೂರ ಹಿಡಿದು.

“ನಾನೇ ಕಣ್ಲಾ ಕರಿಯಪ್ಪ, ಗುಂಡಿಯಿಂದ. ಆ ತಗಡು ಕೊಡು ಇಂಗೆ.”

ಹೀಗೆ ಮಾಟದ ಮಾತು ಬಿದ್ದುಹೋಯಿತು. ಆದರೆ ಗುಂಡಿ ಯಾತಕ್ಕೆ ಎಂದು ಚಿಕ್ಕಬೋರಮ್ಮ ಬಿಡಲಿಲ್ಲ. ಕರಿಯಪ್ಪ ತನಗೆ ತಿಳಿದಂತೆ ತಿಳಿಯಾಗಿ ಹೇಳಿದ, ಕೆಟ್ಟದ್ದೂ ಅಲ್ಲೇ ಶುರುವಾಯಿತು.

“ಕೆಟ್ಟುದ್ದು ಏನೇ ಬರ್ಲಿ ಕಣವ್ವ, ಮನ್ಸನ್ ಮೈಗ್ ಅತ್ತಾಕಿಲ್ಲ. ಸೀದಾ ಇಲ್ಲಿಗಿಳ್ದು ಭೂಮಿ ಸೇರ್ಕತದೆ. ದಿನಾ ಒಂದ್ ಕೊಡ ನೀರು ಉಯ್ಬೇಕು, ಆಗಾಗ ಉಪ್ಪು.”

ಅವನು ಹೇಳಿದ್ದು ಕರೆಂಟಿನ ವಿಚಾರ. ಅವಳಿಗೆ ಕೇಳಿಸಿದ್ದು ಬೇರೆ. ಗುಂಡಿ ಮುಚ್ಚಿ ಅದಕ್ಕೆ ನೀರು ಹೊಯ್ಯುವ ಪೈಪು ನಿಲ್ಲಿಸಿದ ಕೂಡಲೇ ಚಿಕ್ಕಬೋರಮ್ಮ ಒಂದು ಕೊಡ ನೀರು ಸುರಿದು, ಹಸುವನ್ನು ಅದರ ಸುತ್ತ ಮೂರು ಸುತ್ತು ನಡೆಸಿದಳು. ಹಸು ಚೆಲ್ಲಿದ್ದ ಉಪ್ಪನ್ನೆಲ್ಲ ನೆಕ್ಕಿತು. ನಡೆದದ್ದಕ್ಕೋ ನೆಕ್ಕಿದ್ದಕ್ಕೋ, ಸಾಯಂಕಾಲ ಮೂರು ಲೀಟರು ಹಾಲು ಕರೆಯಿತು.

ಕರಿಯಪ್ಪ ಬಾಕ್ಸು ಕೂರಿಸಿ ಸ್ವಿಚ್ಚು ಎತ್ತಿ, ಎಲ್ಲ ಸರಿಯಿದೆ ಎಂದು ಹೊರಟುಹೋದ. ತಿಮ್ಮೇಶ ಕನ್ನಡಕ ಏರಿಸಿ ರಾಡು ಹಿಡಿದು ತಿರುಗುತ್ತಾನೆ, ಸೆಡ್ಡಿನ ಬಾಗಿಲಲ್ಲಿ ಹೆಂಗಸರ ಸಾಲು. ಪೈಪಿಗೆ ಅರಿಶಿನ ಕುಂಕುಮ. ಬೆಚ್ಚಿಬೀಳುವ ಮಗು, ಮೇವು ಮುಟ್ಟದ ಎಮ್ಮೆ, ಓದು ಹತ್ತದ ಮೊಮ್ಮಗ, ಎಲ್ಲರಿಗೂ ಒಂದೊಂದು ಸುತ್ತು.

“ಚಪ್ಲಿ ಆಚೆ ಬುಡ್ಲಾ,” ಎಂದ ಬಿ.ಎಸ್ಸಿ. ಹೊನ್ನಪ್ಪ. “ಇಲ್ಲಿ ಬೆಂಕಿ ಕಿಡಿ ಹಾರಿಸ್ಬ್ಯಾಡ. ನನ್ ಟ್ರಾಲಿ ಬ್ಯಾರೆ ತಾವ ಮಾಡು. ಆದ್ರೆ ಇವತ್ತೇ ಮಾಡು.”

ಅಷ್ಟರಲ್ಲಿ ಆಟೋ ಬಂದು ನಿಂತಿತು. ಹಸು ಹಾಲು ಕೊಟ್ಟ ಸುದ್ದಿಯನ್ನು ಲತ ಆಗಲೇ ಫೋನಿನಲ್ಲಿ ತಾಯಿಗೆ ಹೇಳಿದ್ದಳು. ಮಂಡಿನೋವಿನ ಅತ್ತೆ ಲಕ್ಷ್ಮಿದೇವಮ್ಮ ಎರಡು ಬ್ಯಾಗು, ಒಂದು ಟೀವಿಯೊಂದಿಗೆ ಇಳಿದರು. ನಲವತ್ತೆಂಟು ದಿನ ಗುಂಡಿಯ ಸೇವೆ ಮಾಡುವುದೆಂದು ಹರಕೆ. ಮಲಗಲು ಗುಂಡಿಗೆ ಹತ್ತಿರದ ಜಾಗವೇ ಆಗಬೇಕು, ಅಂದರೆ ಸೆಡ್ಡು. ಹೊಸ ಬಾಕ್ಸಿನ ನಾಲ್ಕು ಸ್ವಿಚ್ಚಿಗೆ ಫ್ಯಾನು, ಟೀವಿ, ನೀರು ಕಾಯಿಸುವ ಕಾಯಿಲು, ಫೋನ್ ಚಾರ್ಜರು ಸರಿಯಾಗಿ ಕೂತವು.

“ಆ ಮಿಷನ್ ಇಲ್ಲಿಂದ ತಗೊಂಡೋಗಿ ಅಳಿಯಂದ್ರೆ. ಗುಂಡಿ ಅಮ್ಮನವರ ಕರೆಂಟಲ್ಲಿ ಕಬ್ಬಿಣ ಸುಡ್ಬಾರ್ದು.”

ತಿಮ್ಮೇಶ ಮಿಷನ್ನನ್ನು ಹಠ ಹಿಡಿದ ಹೋರಿಯಂತೆ ಅಂಗಳಕ್ಕೆ ಎಳೆದ. ಅಡಿಗೆಮನೆಯ ಪ್ಲಗ್ಗಿಗೆ ವಯರು ಸಿಕ್ಕಿಸಿದ. ಕಣ್ಣು ಮುಚ್ಚಿ ರಾಡನ್ನು ಟ್ರಾಲಿಗೆ ಮುಟ್ಟಿಸಿದ.

ಮನೆ ಕತ್ತಲಾಯಿತು. ಒಳಗೆ ಮಿಕ್ಸಿ ನಿಂತಿತು.

ಲತ ಬಾಗಿಲಿಗೆ ಬಂದಳು. ಅವಳ ಕಾಲ ಬಳಿ ನಿನ್ನೆಯ ಬ್ಯಾಗು ಹಾಗೇ ಇತ್ತು. ತಿಮ್ಮೇಶ ಬ್ಯಾಗನ್ನೂ, ಜಗಜಗ ಬೆಳಗುತ್ತ ಧಾರಾವಾಹಿ ಕೇಳಿಸುತ್ತಿದ್ದ ಸೆಡ್ಡನ್ನೂ ನೋಡಿದ. ಮೊದಲ ಸಲ ಅವನಿಗೆ ಆಸೆ ಹುಟ್ಟಿತು.

“ಕರೆಂಟೋದ್ರೆ ತವರಿಗೋಯ್ತೀನಿ ಅಂದಿದ್ಯಲ್ಲ,” ಎಂದ ಮೆಲ್ಲಗೆ. “ಬೇಕಾದ್ರೆ ನಿಮ್ಮವ್ವನ್ನೂ ಕರ್ಕೊಂಡೋಗು. ನಾನೇ ಆಟೋ ಕರಿತೀನಿ.”

ಲತ ಬ್ಯಾಗೆತ್ತಿಕೊಂಡು ಒಳಗೆ ನಡೆದಳು.

“ಅವ್ವನೇ ಇಲ್ಲಿಗ್ ಬಂದವ್ಳೆ. ಇನ್ ನಾನ್ಯಾವ್ ತವರಿಗೋಗ್ಲಿ? ಒರಳುಕಲ್ಲು ತೊಳ್ದಿಟ್ಟಿವ್ನಿ, ಬಂದು ಉದ್ದು ರುಬ್ಬಿ.”