ಎದೆನೋವಿಗೊಂದು ಬೋರ್ಡು

ಎಲ್ಲಕ್ಕೂ ಮೂಲ ಒಂದು ಬಾಟಲಿ ಸೋಡಾ. ಹೋದ ತಿಂಗಳು ಮೂರನೇ ಮಹಡಿಯ ಟೈಲರ್, ಎದೆ ಹಿಂಡಿದಂತಾದದ್ದನ್ನು ಗ್ಯಾಸು ಎಂದುಕೊಂಡು, ಸೋಡಾ ಕುಡಿದು ಮಲಗಿದವನು ಮತ್ತೆ ಏಳಲಿಲ್ಲ. ಹೊಲಿಯಲು ಕೊಟ್ಟ ಬಟ್ಟೆ ವಾಪಸು ಸಿಗುವವರೆಗೆ ಕಟ್ಟಡದವರೆಲ್ಲ ದುಃಖಪಟ್ಟರು. ಆಮೇಲೆ ಸಭೆ ಸೇರಿ, ಎದೆನೋವು ಬಂದರೆ ಏನು ಮಾಡಬೇಕೆಂದು ಎಲ್ಲರಿಗೂ ತಿಳಿಯುವ ಹಾಗೆ ಬರೆಸಿ, ಲಿಫ್ಟಿನ ಪಕ್ಕ ಒಂದು ಬೋರ್ಡು ಹಾಕಬೇಕೆಂದು ತೀರ್ಮಾನಿಸಿದರು. ಕೆಲಸ ಸಂಘದ ಕಾರ್ಯದರ್ಶಿಯ ತಲೆಗೆ ಬಂತು. ನಲ್ಲಿ ಸೋರಿದರೂ, ನಾಯಿ ಬೊಗಳಿದರೂ ಬರುತ್ತಿದ್ದದ್ದು ಅದೇ ತಲೆಗೆ.

ಅವನಿಗೆ ಬೀದಿ ತುದಿಯಲ್ಲಿ ಕನ್ನಡಕದ ಅಂಗಡಿ. ನಲವತ್ತೈದು ದಾಟಿದವರು ಮೊಬೈಲನ್ನು ಮಾರುದೂರ ಹಿಡಿದು ಓದಲು ಒದ್ದಾಡುವುದನ್ನು ದಿನವೂ ನೋಡುತ್ತಿದ್ದವನು. ಇವರಿಗೆ ಪುರುಸೊತ್ತೂ ಇಲ್ಲ, ಕಣ್ಣೂ ಇಲ್ಲ. ಲಿಫ್ಟು ಬರುವುದರೊಳಗೆ ಓದಿ ಮುಗಿಯಬೇಕು ಎಂದು ಯೋಚಿಸಿ, ಪರಿಚಯದ ಡಾಕ್ಟರನ್ನು ಕೇಳಿ, ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದ:

"ಎದೆ ಹಿಂಡುತ್ತಿದೆಯೇ? ನೋವು ಕೈಗೆ, ದವಡೆಗೆ ಹರಡುತ್ತಿದೆಯೇ? ತಣ್ಣನೆ ಬೆವರೇ? ಗ್ಯಾಸು ಎಂದುಕೊಳ್ಳಬೇಡಿ. ಮೆಟ್ಟಿಲು ಹತ್ತಬೇಡಿ. ಕೂತುಕೊಳ್ಳಿ. ಈಗಲೇ ಆಂಬುಲೆನ್ಸ್ ಕರೆಯಿರಿ." ಕೆಳಗೆ ಆಂಬುಲೆನ್ಸಿನ ನಂಬರು.

ಹೆಂಡತಿ ಓದಿ, "ಪರವಾಗಿಲ್ವೇ, ನಂಗೂ ಅರ್ಥ ಆಯ್ತು," ಎಂದು ಅದರದೊಂದು ಪ್ರತಿಯನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಂಡಳು.

ಭಾನುವಾರ ಸಂಜೆ ಬೋರ್ಡಿನ ಉದ್ಘಾಟನೆ. ಬೆಳಿಗ್ಗೆಯೇ ಅವಳು ಅವನ ಮುಖ ನೋಡಿದಳು.

"ಯಾಕ್ರೀ, ಮುಖ ಸುಣ್ಣ ಬಳಿದ ಹಾಗಿದೆ?"

"ಎದೆ ಯಾಕೋ ಭಾರ ಕಣೇ. ರಾತ್ರಿ ಊಟ ಜಾಸ್ತಿ ಆಗಿರ್ಬೇಕು."

"ನೀವೇ ಬರ್ದಿದ್ದೀರಲ್ಲ, ಬಾಗಿಲ ಮೇಲೆ."

"ಅದು ಜನಕ್ಕೆ ಬರ್ದಿದ್ದು," ಎಂದು ಅವನು ಚಪ್ಪಲಿ ಮೆಟ್ಟಿದ. "ನಂಗೆ ಇವತ್ತು ಸಾಯೋಕೂ ಪುರುಸೊತ್ತಿಲ್ಲ."

ಬರೆದದ್ದಕ್ಕೆ ಮೂವರ ಒಪ್ಪಿಗೆ ಬೇಕಿತ್ತು. ಖಾಲಿ ತಗಡಿನ ಬೋರ್ಡನ್ನು ಎಡಗಂಕುಳಲ್ಲಿ ಇರುಕಿಕೊಂಡು ಅವನು ಮೊದಲು ನಿವೃತ್ತ ಮೇಷ್ಟ್ರ ಮನೆಗೆ ಹೋದ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದನಂತೆ. ಮೇಷ್ಟ್ರು ಕೆಂಪು ಪೆನ್ನು ಬಿಚ್ಚಿದರು.

"ಎದೆ ಹಿಂಡೋದು ಅಂದ್ರೇನು, ಒದ್ದೆ ಟವಲ್ಲೇ? ಸಾರ್ವಜನಿಕ ಬರಹಕ್ಕೆ ಒಂದು ಘನತೆ ಬೇಡ್ವೇ? ಬರ್ಕೊಳ್ಳಿ: ವಕ್ಷಸ್ಥಳದಲ್ಲಿ ತೀವ್ರತರ ವೇದನೆಯು ಅನುಭವಕ್ಕೆ ಬಂದಲ್ಲಿ..."

"ವಕ್ಷಸ್ಥಳ ಅಂದ್ರೆ ಎಷ್ಟು ಜನಕ್ಕೆ ಗೊತ್ತಾಗುತ್ತೆ ಮೇಷ್ಟ್ರೇ?"

"ಗೊತ್ತಿಲ್ದವರು ತಿಳ್ಕೊಳ್ಳಲಿ. ಬೋರ್ಡು ಹಾಕೋದು ಅದಕ್ಕೇ ತಾನೇ?"

ಲಿಫ್ಟು ಕೆಟ್ಟಿತ್ತು. ವಕೀಲಮ್ಮನ ಮನೆ ನಾಲ್ಕನೇ ಮಹಡಿ. ಹತ್ತುವಾಗ ಎಡಗೈ ಸೆಳೆಯತೊಡಗಿತು. ತಗಡು ಭಾರ, ಎಂದುಕೊಂಡು ಅದನ್ನು ಬಲಗಂಕುಳಿಗೆ ಬದಲಾಯಿಸಿದ. ಸೆಳೆತ ಎಡಗೈಯಲ್ಲೇ ಉಳಿಯಿತು.

"ಗ್ಯಾಸು ಅಂದ್ಕೋಬೇಡಿ ಅಂತ ಬರ್ದಿದ್ದೀರಿ," ಎಂದರು ವಕೀಲಮ್ಮ. "ನಾಳೆ ಗ್ಯಾಸೇ ಆಗಿದ್ರೆ? ಸುಮ್ನೆ ಹೆದರಿಸಿದ್ರು ಅಂತ ಕೇಸು ಹಾಕ್ತಾರೆ."

"ಗ್ಯಾಸಿಗೆ ಯಾರು ಮೇಡಂ ಕೇಸು ಹಾಕ್ತಾರೆ?"

"ನಾನೇ ಹಾಕ್ತೀನಿ."

ಗ್ಯಾಸು ಹೋಯಿತು. ಕೈ, ದವಡೆ, ಬೆವರು ಎಲ್ಲ "ಇತ್ಯಾದಿ"ಯೊಳಗೆ ಸೇರಿಕೊಂಡವು. "ಈ ಮಾಹಿತಿಯಿಂದಾಗುವ ಯಾವುದೇ ಕಷ್ಟನಷ್ಟಗಳಿಗೆ ಸಂಘವು ಹೊಣೆಯಲ್ಲ" ಎಂಬುದು ಹೊಸದಾಗಿ ಬಂತು.

ಅಧ್ಯಕ್ಷರದು ಐದನೇ ಮಹಡಿ. ಮುದಿ ಎತ್ತಿನ ಹಾಗೆ ಏದುಸಿರು ಬಿಡುತ್ತ ಬಂದವನ ಕೈಗೆ ಅವರು ತಮ್ಮ ಫೋಟೋ ಕೊಟ್ಟರು.

"ಇದನ್ನ ಮೇಲೆ ಹಾಕ್ಸಿ. ಆಮೇಲೆ, ಲಿಫ್ಟು ಕೆಟ್ಟು ನಿಂತಿರುವಾಗ ಅದರ ಪಕ್ಕ ಮೆಟ್ಟಿಲು ಹತ್ತಬೇಡಿ ಅಂತ ಬರೆದ್ರೆ ಜನ ಉಗೀತಾರೆ. ಅದನ್ನ ತೆಗೀರಿ. ಆಂಬುಲೆನ್ಸ್ ನಂಬರೂ ಬೇಡ."

"ಅದಿಲ್ದೆ ಹೇಗೆ ಸಾರ್?"

"ನೋಡಿ, ಕಟ್ಟಡದಲ್ಲಿ ಏನೇ ಆದ್ರೂ ಮೊದಲು ಸಂಘಕ್ಕೆ ತಿಳೀಬೇಕು. ಟೈಲರ್ ಸತ್ತಿದ್ದು ನಂಗೆ ಹಾಲಿನವನಿಂದ ಗೊತ್ತಾಯ್ತು, ಎಷ್ಟು ಅವಮಾನ. ಕಾರ್ಯದರ್ಶಿಯನ್ನು ಸಂಪರ್ಕಿಸತಕ್ಕದ್ದು ಅಂತ ಬರೆದು ನಿಮ್ಮ ನಂಬರ್ ಹಾಕಿ. ನಿಮಗೂ ಒಂದು ಮರ್ಯಾದೆ."

ಬೋರ್ಡು ಬರೆಯುವವನು ಹಾಳೆಯನ್ನೂ ತಗಡನ್ನೂ ನೋಡಿ, "ಸಾರ್, ಫೋಟೋ ಹೋಗಿ ಉಳಿದ ಜಾಗದಲ್ಲಿ ಇಷ್ಟೆಲ್ಲ ಹಿಡಿಸ್ಬೇಕಾದ್ರೆ ಇರುವೆ ಕೈಲಿ ಬರೆಸ್ಬೇಕು," ಎಂದ. ಕಾರ್ಯದರ್ಶಿ ಗೋಡೆಗೆ ಒರಗಿಕೊಂಡು, "ಹೇಗಾದ್ರೂ ಬರಿಯಪ್ಪ," ಎಂದ. ವಾದಿಸಲು ಉಸಿರು ಸಾಲುತ್ತಿರಲಿಲ್ಲ.

ಸಂಜೆ ಅಧ್ಯಕ್ಷರು ಪರದೆ ಎಳೆದರು. ಮೇಲೆ ತಟ್ಟೆಯಗಲದ ಮುಖ, ಕೆಳಗೆ ಸಾಸಿವೆ ಚೆಲ್ಲಿದಂಥ ಅಕ್ಷರ. ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೂ ಓದಲಿಲ್ಲ. "ಒಂದೊಂದು ಜೀವವೂ ಅಮೂಲ್ಯ," ಎಂದು ಅಧ್ಯಕ್ಷರ ಭಾಷಣ ಶುರುವಾಯಿತು. ಕಾರ್ಯದರ್ಶಿಯ ಬೆನ್ನಿಗೆ ಬನಿಯನ್ ತಣ್ಣಗೆ ಅಂಟಿಕೊಂಡಿತ್ತು. ನೋವು ದವಡೆಗೆ ಹತ್ತಿದಾಗ ಅವನಿಗೆ ತಾನು ಬರೆದದ್ದು ನೆನಪಾಯಿತು. ಆಂಬುಲೆನ್ಸಿನ ನಂಬರಿಗಾಗಿ ಬೋರ್ಡು ನೋಡಿದ. ಅಲ್ಲಿ ಅವನದೇ ನಂಬರಿತ್ತು. ಕೂರಲು ಕುರ್ಚಿ ಹುಡುಕಿದ. ಸಿಗಲಿಲ್ಲ. ನೆಲಕ್ಕೇ ಕುಸಿದ.

"ಗ್ಯಾಸು, ಗ್ಯಾಸು," ಎಂದಿತು ಒಂದು ದನಿ. "ಸೋಡಾ ತನ್ನಿ."

"ಸುಮ್ನಿರ್ರೀ," ಎಂದು ಮೇಷ್ಟ್ರು ಗದರಿದರು. "ಬೋರ್ಡು ಹಾಕಿರೋದು ಯಾತಕ್ಕೆ? ಓದಿ."

ಎಲ್ಲರೂ ಕತ್ತು ಹಿಂದೆ ಮುಂದೆ ಮಾಡಿದರು. ಒಬ್ಬರೂ ಕನ್ನಡಕ ತಂದಿರಲಿಲ್ಲ. ಕೊನೆಗೆ ವಕೀಲಮ್ಮ ಬಿದ್ದವನ ಮೂಗಿನ ಮೇಲಿದ್ದದ್ದನ್ನೇ ಕಿತ್ತು ಹಾಕಿಕೊಂಡು ಓದಿದರು: "ವಕ್ಷಸ್ಥಳದಲ್ಲಿ... ವೇದನೆ... ಇತ್ಯಾದಿ... ಹಾಂ, ಕಾರ್ಯದರ್ಶಿಯನ್ನು ಸಂಪರ್ಕಿಸತಕ್ಕದ್ದು." ಅವರು ಹೇಳಿದ ನಂಬರನ್ನು ಅಧ್ಯಕ್ಷರು ಗಾಬರಿಯಲ್ಲಿ ಒತ್ತಿದರು.

ಬಿದ್ದವನ ಜೇಬು ರಿಂಗಾಯಿತು. ಎಂಟು ವರ್ಷದ ಕಾರ್ಯದರ್ಶಿಗಿರಿಯ ಅಭ್ಯಾಸ. ಅವನು ಎತ್ತಿ, "ಹೇಳಿ," ಎಂದ.

ಅವನಿಗೆ ಬೆನ್ನು ಹಾಕಿ ನಿಂತಿದ್ದ ಅಧ್ಯಕ್ಷರು ಕಿರುಚಿದರು: "ಎಲ್ರೀ ಹೋಗಿದ್ದೀರಿ? ಇಲ್ಲೊಬ್ಬರು ಬಿದ್ದುಹೋಗಿದ್ದಾರೆ. ತಕ್ಷಣ ಬನ್ನಿ."

"ಬಂದಿದ್ದೀನಿ ಸಾರ್," ಎಂದ ಅವನು, ಕಣ್ಣು ಮುಚ್ಚುತ್ತ.

ಗದ್ದಲ ಕೇಳಿ ಮಹಡಿಯಿಂದ ಇಣುಕಿದ ಹೆಂಡತಿ ಒಳಗೋಡಿ, ಅಡುಗೆಮನೆ ಬಾಗಿಲು ನೋಡಿ ಆಂಬುಲೆನ್ಸ್ ಕರೆದಳು.

ವಾರ ಕಳೆದು ಮೂವರೂ ಆಸ್ಪತ್ರೆಗೆ ಬಂದರು.

"ಬೋರ್ಡು ಬದಲಾಯಿಸಿದ್ರಾ?" ಎಂದು ಅವನು ಕೇಳಿದ.

"ಬದಲಾಯಿಸೋದು ಯಾಕೆ?" ಎಂದರು ಅಧ್ಯಕ್ಷರು. "ಒಂದು ಸಾಲು ಸೇರಿಸಿದ್ದೀವಿ, ದಪ್ಪಕ್ಷರದಲ್ಲಿ: ಈ ಬೋರ್ಡಿನಿಂದ ಈಗಾಗಲೇ ಒಂದು ಜೀವ ಉಳಿದಿದೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಆದ್ರೂ ಒಂದು ಮಾತು. ಫೋನಲ್ಲಿ ಬಂದಿದ್ದೀನಿ ಅಂದ ಕಾರ್ಯದರ್ಶಿ ಕೊನೆಗೂ ಬರಲಿಲ್ಲ ಅಂತ ಜನ ಆಡ್ಕೊಳ್ತಿದ್ದಾರೆ."

ಅಷ್ಟರಲ್ಲಿ ದಿಂಬಿನ ಕೆಳಗೆ ಫೋನು ಗುರುಗುಟ್ಟಿತು. ಕಟ್ಟಡದವರದೇ ಯಾರದೋ ನಂಬರು.

"ಎತ್ತಿ, ಎತ್ತಿ," ಎಂದು ಅಧ್ಯಕ್ಷರು ಹಿಗ್ಗಿದರು. "ನೋಡಿದ್ರಾ, ಬೋರ್ಡು ಕೆಲಸ ಮಾಡ್ತಿದೆ."

ಅವನು ಎತ್ತಿದ. ಎರಡನೇ ಮಹಡಿಯ ಹೆಂಗಸಿನ ದನಿ.

"ಸಾರ್, ನಮ್ಮನೆಯವರಿಗೆ ಎದೆ ಹಿಂಡ್ತಿದೆಯಂತೆ, ತುಂಬಾ ಬೆವರ್ತಿದ್ದಾರೆ. ಬೋರ್ಡು ಓದಿದೆ, ವಕ್ಷಸ್ಥಳ ಎಲ್ಲಿರುತ್ತೋ ಗೊತ್ತಾಗ್ಲಿಲ್ಲ. ನೀವು ಬರೋವರೆಗೆ ಸೋಡಾ ಕೊಟ್ಟಿರ್ಲಾ?"