ನೂರ ಆರನೇ ನಂಬರಿನ ಕಮಾನು

ಅಚ್ಚುಕಟ್ಟಾಗಿ ಕೆಲಸ ಮಾಡುವವರ ಕೈಯಲ್ಲಿ ಏನೂ ಕಳೆಯುವುದಿಲ್ಲ ಎಂದು ನಂಬಿದ್ದವಳು ನಾನು. ಈಗ ಆ ನಂಬಿಕೆಯನ್ನೂ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಚಿಕ್ಕಮಗಳೂರಿನ ಈ ಪುಟ್ಟ ಮ್ಯೂಸಿಯಂ ಸೇರುವ ಮೊದಲು ನಾಲ್ಕು ವರ್ಷ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದೆ. ಅಲ್ಲಿ ಒಂದೇ ಗಿಡದ ಬೀಜಗಳೂ ಜರಡಿಗೆ ಬಿದ್ದ ಮೇಲೆ ಗಾತ್ರ, ಆಕಾರಕ್ಕೆ ತಕ್ಕಂತೆ ಬೇರೆ ಬೇರೆ ಚೀಲ ಸೇರುತ್ತವೆ. ಇಲ್ಲಿಯೂ ಮೊದಲ ವಾರ ಅದನ್ನೇ ಮಾಡಿದೆ. ಪೆಟ್ಟಿಗೆಗಳಲ್ಲಿ ಬೆರೆತು ಬಿದ್ದಿದ್ದ ಇನ್ನೂರ ಹದಿನಾಲ್ಕು ವಸ್ತುಗಳನ್ನು ಆಕಾರ ನೋಡಿ ವಿಂಗಡಿಸಿ, ನಂಬರ್ ಹಾಕಿ, ಚೀಟಿ ಬರೆದು ಕಪಾಟು ಸೇರಿಸಿದೆ. ಅಂದಿನ ಡೈರಿಯಲ್ಲಿ ನನಗೆ ನಾನೇ ಶಹಭಾಸ್ ಹೇಳಿಕೊಂಡಿದ್ದೇನೆ.

ತಲೆ ಕೆಟ್ಟದ್ದು ನೂರ ಆರನೇ ನಂಬರಿನಿಂದ. ಅದು ಇಥಿಯೋಪಿಯಾದ ವಾದ್ಯ. ಗಾಳಿಪಟದ ಆಕಾರದ ಮರದ ಚೌಕಟ್ಟು, ಅದಕ್ಕೆ ಬಿಗಿದ ಚರ್ಮ, ಉದ್ದನೆಯ ಹಿಡಿ, ಕುದುರೆಯ ಕೂದಲಿನ ಒಂದೇ ತಂತಿ. ಗೋಣಿಬೀಡಿನ ಸುಮಿತ್ರಮ್ಮನವರ ಪತಿ ಆ ದೇಶದ ಕಾಫಿ ತೋಟದಲ್ಲಿ ಕೆಲಸ ಮಾಡಿ ಬರುವಾಗ ತಂದದ್ದು. ಅವರು ತೀರಿಕೊಂಡ ಮೇಲೆ, ನಾನು ಸೇರುವ ಮೊದಲೇ, ಸುಮಿತ್ರಮ್ಮ ಅದನ್ನು ಮ್ಯೂಸಿಯಂಗೆ ಕೊಟ್ಟಿದ್ದರು. ಉಜ್ಜಿ ನುಡಿಸುವ ಕಮಾನು ಮಾತ್ರ ಎಲ್ಲೂ ಇರಲಿಲ್ಲ. “ಎರಡು ವಾರ ಬಿಟ್ಟು ಗುರುವಾರ ಬರ್ತೀನಿ ಕಣಮ್ಮ, ಒಂದ್ಸಲ ಅದರ ಸ್ವರ ಕೇಳ್ಬೇಕು ಅನ್ನಿಸ್ತಿದೆ” ಎಂದು ಅವರು ಫೋನ್ ಮಾಡಿದಾಗ ಕಮಾನಿನ ಮಾತೆತ್ತದೆ ಬನ್ನಿ ಎಂದುಬಿಟ್ಟೆ.

ಹನ್ನೊಂದು ದಿನ ಹುಡುಕಿದೆ. ಪಿಟೀಲಿನ ಕಮಾನಿನಂತೆ ನೀಳವಾಗಿ, ನೇರವಾಗಿರಬೇಕು ಎಂದು ನನ್ನ ಅಂದಾಜು. ಅಂಥದ್ದು ಸಿಕ್ಕಿದ್ದು ಒಂದೇ, ಅದೂ ಕಿಟಕಿ ಪರದೆಯ ಕೋಲು.

“ಬಾಣ ಹುಡುಕ್ತಿದೀಯೋ ಕಮಾನು ಹುಡುಕ್ತಿದೀಯೋ, ಒಂದು ಹೇಳು ಮಾರಾಯ್ತಿ” ಎಂದ ಕಾವಲುಗಾರ ಶಿವಣ್ಣ.

ಎರಡೂ ಎಂದೆ. ಬೇಟೆ ಸಾಮಾನಿನ ಕಪಾಟಿನಲ್ಲಿದ್ದ ಪುಟ್ಟ ಬಿಲ್ಲೊಂದರ ಬಾಣವೂ ಕಾಣೆಯಾಗಿತ್ತು.

ಗುರುವಾರ ಸುಮಿತ್ರಮ್ಮ ಬಂದರು. ಕಮಾನು ಕಳೆದಿದೆ ಎಂದು ತಲೆ ತಗ್ಗಿಸಿ ಹೇಳಿದೆ. ಅವರು ಕಪಾಟುಗಳನ್ನು ನೋಡುತ್ತಾ ಮೆಲ್ಲನೆ ನಡೆದವರು ಬೇಟೆ ಕಪಾಟಿನ ಮುಂದೆ ನಿಂತು ಚೀಟಿ ಓದಿದರು. “ಮಕ್ಕಳ ಬೇಟೆ ಬಿಲ್ಲು. ಬಾಣ ಸಿಕ್ಕಿಲ್ಲ.” ಕೈಬರಹ ನನ್ನದೇ.

“ನಮ್ಮನೆಯವ್ರು ಇದರಲ್ಲಿ ಒಂದು ಇಲೀನೂ ಹೊಡೀಲಿಲ್ಲ ಕಣಮ್ಮ. ನುಡಿಸಕ್ಕೆ ಕೂತ್ರೆ ನಾಯಿ ಎದ್ದು ಹೋಗ್ತಿತ್ತು, ಅಷ್ಟೇ.”

ಬಿಲ್ಲಿನಂತೆ ಬಾಗಿದ ಆ ಕಮಾನನ್ನು ಹೊರತೆಗೆದು ವಾದ್ಯದ ಜೊತೆ ಕೊಟ್ಟೆ. ಅವರು ತಂತಿಯ ಮೇಲೆ ಒಂದು ಸಲ ಎಳೆದರು. ಎಣ್ಣೆ ಕಾಣದ ಬಾಗಿಲಿನಂಥ ಸದ್ದು. “ಹೂಂ, ಇದೇ” ಎಂದು ಕಣ್ಣು ಒರೆಸಿಕೊಂಡರು.

ಕಮಾನಿಗೆ ಈಗ ವಾದ್ಯದ ಪಕ್ಕದಲ್ಲೇ ಜಾಗ ಕೊಟ್ಟಿದ್ದೇನೆ. ಕಾಣೆಯಾದ ವಸ್ತುಗಳ ಪಟ್ಟಿಯಿಂದ ಬಾಣವನ್ನು ಹೊಡೆದುಹಾಕುವುದು ಬಾಕಿಯಿದೆ. ಆದರೆ ಹನ್ನೊಂದು ದಿನ ಅಷ್ಟು ಶ್ರದ್ಧೆಯಿಂದ ಹುಡುಕಿದ್ದೇನೆ, ಇಲ್ಲವೇ ಇಲ್ಲ ಎನ್ನಲು ಮನಸ್ಸು ಬರುತ್ತಿಲ್ಲ.