ವೆಕ್ಸ್‌ಫರ್ಡ್ ಕಾರಿನ ದೋಷಗಳು

ಓರಿನ್ ಪೆಲ್ಕಿಯ ಹೊಟ್ಟೆಯುರಿ ಶುರುವಾದದ್ದು ಒಂದು ಹಾರನ್ನಿನಿಂದ. ಅಕ್ಟೋಬರ್ ತಿಂಗಳ ಶನಿವಾರ ಬೆಳಿಗ್ಗೆ ಅವನು ಮನೆಯ ಮುಂದೆ ಮೇಪಲ್ ಎಲೆ ಗುಡಿಸುತ್ತಿದ್ದಾಗ, ಪಕ್ಕದ ಮನೆಯ ಡ್ವೈಟ್ ಸ್ಟ್ರೋಬೆಲ್ ಹೊಚ್ಚಹೊಸ ವೆಕ್ಸ್‌ಫರ್ಡ್ ಸೆಡಾನ್ ತಂದು ನಿಲ್ಲಿಸಿ, ಮೆತ್ತಗೆ ಒಮ್ಮೆ ಹಾರನ್ ಒತ್ತಿದ. ಅದು ಎರಡು ಸ್ವರದ ಹಾರನ್. ಓರಿನ್ ತಲೆಯೆತ್ತಿ ನೋಡುವ ಮೊದಲೇ ಅದು ಯಾವ ಕಾರು, ಯಾವ ವರ್ಷದ ಮಾದರಿ ಎಂಬುದು ಅವನಿಗೆ ಗೊತ್ತಾಗಿಹೋಗಿತ್ತು. ನಲವತ್ತೊಂಬತ್ತರ ವೆಕ್ಸ್‌ಫರ್ಡಿನ ಬ್ರೋಷರ್ ಅವನಿಗೆ ಬಾಯಿಪಾಠ.

ಯುದ್ಧ ಮುಗಿದ ಮೇಲೆ ನಮ್ಮ ಬ್ರಿಗ್ಸ್‌ಬರ್ಗಿನಲ್ಲಿ ಹೊಸ ಕಾರು ಬೇಕೆಂದವರು ಡೀಲರ್ ಹೋಗ್‌ಲ್ಯಾಂಡ್ ಬಳಿ ಹೆಸರು ಬರೆಸಿ ಕಾಯಬೇಕಿತ್ತು. ನಾಲ್ಕು ವರ್ಷ ಕಾರ್ಖಾನೆಗಳೆಲ್ಲ ಟ್ಯಾಂಕು, ವಿಮಾನ ಮಾಡುತ್ತ ಕೂತದ್ದರಿಂದ ಊರಿನ ಕಾರುಗಳೆಲ್ಲ ಕೆಮ್ಮುವ ಮುದುಕರಾಗಿದ್ದವು. ಈ ವೆಕ್ಸ್‌ಫರ್ಡನ್ನು ಬೀದಿಯಲ್ಲಿ ಮೊದಲು ಕಂಡುಹಿಡಿದವನು ಓರಿನ್ನೇ. ಎರಡು ವರ್ಷದ ಹಿಂದೆ ಅದರ ಆಗಿನ ಮಾದರಿಯ ಬ್ರೋಷರನ್ನು ಸ್ಟ್ರೋಬೆಲ್‌ಗೆ ತೋರಿಸಿ ಕೊಂಡಾಡಿದವನೂ ಅವನೇ. ಸ್ಟ್ರೋಬೆಲ್ ಅಂದು ಸಂಜೆಯೇ ಹೋಗಿ ಹೆಸರು ಬರೆಸಿದ. ಓರಿನ್ ಬ್ರೋಷರನ್ನು ಇನ್ನೊಂದು ಸಲ ಓದಿ ಮರುದಿನ ಹೋದ. ಅಷ್ಟರಲ್ಲಿ ಅರ್ಧ ಊರೇ ಅವನ ಮುಂದೆ ನಿಂತಿತ್ತು. ಈಗ ಸರದಿ ಹತ್ತಿರ ಬಂದಿತ್ತು. ಸ್ಟ್ರೋಬೆಲ್‌ನನ್ನು ಬಿಟ್ಟು ಮುಂದೆ ಇನ್ನಿಬ್ಬರು ಇದ್ದಾರೆ, ಕ್ರಿಸ್ಮಸ್ ಹೊತ್ತಿಗೆ ನೋಡೋಣ ಎಂದು ಹೋಗ್‌ಲ್ಯಾಂಡ್ ಹೇಳಿದ್ದ. ಆ ಇಬ್ಬರು ಯಾರೆಂದು ಮಾತ್ರ ಹೇಳಿರಲಿಲ್ಲ.

ಓರಿನ್‌ಗೆ ಈ ಜಗತ್ತಿನಲ್ಲಿ ಬೇಕಾಗಿದ್ದದ್ದು ಅದೊಂದೇ. ಅವನ ಹೆಂಡತಿ ವರ್ನಾ ಕೂಡ ಮುಂದಿನ ಸೀಟಿನಲ್ಲಿ ಕೂರುವ ದಿನಕ್ಕೆಂದು ಒಂದು ಹ್ಯಾಟು ತೆಗೆದಿಟ್ಟಿದ್ದಳು. ಅಲ್ಲಿಯವರೆಗೆ ಅವರಿಗಿದ್ದದ್ದು ಅಗಾಥಾ, ಅಂದರೆ ಯುದ್ಧಕ್ಕೂ ಹಿಂದಿನ ಅವರ ಹಳೇ ಕಾರು. ಅದು ಚಳಿಗಾಲದಲ್ಲಿ ಏಳುತ್ತಿರಲಿಲ್ಲ, ಬೇಸಿಗೆಯಲ್ಲಿ ತಣಿಯುತ್ತಿರಲಿಲ್ಲ.

ಹೊಸ ಕಾರು ಬಂದರೆ ಬೀದಿಯ ಗಂಡಸರೆಲ್ಲ ಸೇರಿ ಬಾನೆಟ್ ಎತ್ತಿಸುವುದು, ಟೈರಿಗೆ ಒಂದೊಂದು ಒದೆ ಕೊಡುವುದು ನಮ್ಮಲ್ಲಿ ಮಾಮೂಲು. ಹತ್ತು ನಿಮಿಷದಲ್ಲಿ ಜನ ಸೇರಿದರು. ಅಂಚೆಯ ಫ್ಲಾಯ್ಡ್ ಮೀಚಮ್ ಚೀಲ ಹೆಗಲಲ್ಲಿಟ್ಟುಕೊಂಡೇ ಬಂದ. ಕ್ಷೌರದಂಗಡಿಯ ಎಮಿಲ್ ಜಾಕ್, ಗಿರಾಕಿಯೊಬ್ಬನ ಕೆನ್ನೆಗೆ ನೊರೆ ಹಚ್ಚಿಟ್ಟು ಬಂದಿದ್ದ. ಬೀದಿಯಲ್ಲಿ ಇಲ್ಲದವನು ಎದುರು ಮನೆಯ ಗಸ್ ಕ್ರಮ್ ಒಬ್ಬನೇ. ಅವನು ಬೆಳಕು ಹರಿಯುವ ಮೊದಲೇ ಮೀನು ಹಿಡಿಯಲು ಸರೋವರಕ್ಕೆ ಹೋಗಿದ್ದ.

ಸ್ಟ್ರೋಬೆಲ್ ಒಳ್ಳೆಯ ಮನುಷ್ಯ. ಓರಿನ್‌ಗೆ ಅವನನ್ನು ಕಂಡರೆ ಆಗದಿರುವುದಕ್ಕೆ ಅದೂ ಒಂದು ಕಾರಣವಾಗಿತ್ತು.

"ನಂಗೇನೂ ಗೊತ್ತಾಗಲ್ಲಪ್ಪ. ಓರಿನ್, ನೀನೇ ಎಲ್ರಿಗೂ ಹೇಳು, ಇದರಲ್ಲಿ ಏನೇನಿದೆ ಅಂತ," ಎಂದು ಅವನು ಬಾಗಿಲು ತೆರೆದು ಹಿಡಿದ.

ಓರಿನ್ ಒಳಗೆ ಕೂತ. ಸೀಟು ಅವನನ್ನು ತವರಿಗೆ ಬಂದ ಮಗಳಂತೆ ಬರಮಾಡಿಕೊಂಡಿತು. ಮುಂದಿನ ಗಾಜು ಒಂದೇ ತುಂಡಿನದು, ನಡುವೆ ಕಂಬಿಯಿಲ್ಲ. ರೇಡಿಯೋಗೆ ಐದು ಗುಂಡಿ. ಕಾಲಡಿ ಬ್ರೇಕು, ಆಕ್ಸಿಲರೇಟರು ಎರಡೇ, ಕ್ಲಚ್ಚೆಂಬುದೇ ಇಲ್ಲ. ಗೇರು ತಾನಾಗಿ ಬದಲಾಗುತ್ತದೆ. ಕಾರಿನ ನೆಲ ಎಷ್ಟು ತಗ್ಗೆಂದರೆ ಹತ್ತುವ ಬದಲು ಇಳಿದು ಕೂರಬೇಕು. ಇದೆಲ್ಲ ತನ್ನದಾಗಬೇಕಿತ್ತು ಎನಿಸಿ ಅವನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದ. ಆದರೆ ಬಾಯಿ ತೆರೆದಾಗ ಹೊರಬಂದದ್ದು ಬೇರೆಯೇ ಮಾತು.

"ಕ್ಲಚ್ ಇಲ್ಲ ಅಂದ್ರೆ ಕಾರು ನಿನ್ನ ಮಾತು ಕೇಳಲ್ಲ ಅಂತ ಅರ್ಥ," ಎಂದ. "ಗೇರು ಯಾವಾಗ ಹಾಕ್ಬೇಕು ಅಂತ ಅದೇ ತೀರ್ಮಾನ ಮಾಡುತ್ತೆ. ನಾಳೆ ಎಲ್ಲಿಗೆ ಹೋಗ್ಬೇಕು ಅಂತಾನೂ ಅದೇ ಹೇಳುತ್ತೆ."

ಜನ ನಕ್ಕರು. ನಗು ಕೇಳಿ ಓರಿನ್‌ಗೆ ಹುಮ್ಮಸ್ಸು ಬಂತು. ಸಾಲಾಗಿ ನಿಂತ ಎಂಟು ಸಿಲಿಂಡರುಗಳಲ್ಲಿ ಕೊನೆಯವಕ್ಕೆ ಗಾಳಿಯೇ ತಾಕುವುದಿಲ್ಲ, ಅವು ಒಳಗೇ ಬೇಯುತ್ತವೆ ಎಂದ. ಹಿಂದಿನ ಬಾಗಿಲಿನ ಕೀಲು ಹಿಂಬದಿಗಿದೆ, ಓಡುವಾಗ ಚಿಲಕ ಜಾರಿದರೆ ಗಾಳಿ ಬಾಗಿಲನ್ನೂ ಅತ್ತೆಯನ್ನೂ ಒಟ್ಟಿಗೆ ಎತ್ತಿಕೊಂಡು ಹೋಗುತ್ತದೆ ಎಂದ. ಮುಂದಿನ ಸೀಟು ಮಡಚಿ ಹಾಸಿಗೆಯಾಗುತ್ತದೆ ಎಂಬುದನ್ನಂತೂ ಅವನು ದನಿ ತಗ್ಗಿಸಿ ಹೇಳಿದ. ಹರೆಯದ ಮಗಳಿರುವ ಅಂಚೆಯ ಫ್ಲಾಯ್ಡ್ ಅದನ್ನು ಕೇಳಿ ಗಂಭೀರನಾದ. ತಗ್ಗಿನ ನೆಲ ಬೆನ್ನುಮೂಳೆಗೆ ಕೆಟ್ಟದ್ದೆಂದಾಗ, ದಿನವಿಡೀ ನಿಂತೇ ಕೆಲಸ ಮಾಡುವ ಎಮಿಲ್ ತನ್ನ ಸೊಂಟ ಮುಟ್ಟಿಕೊಂಡ.

ಇಷ್ಟನ್ನೂ ಓರಿನ್ ಸೀಟು ಬಿಟ್ಟೇಳದೆ ಹೇಳಿದ. ಯಾರೋ ಇಳಿಯಪ್ಪ ಎಂದರೆ, ದೋಷ ಹುಡುಕಲು ಕೂತು ನೋಡಬೇಕು ಎಂದ. ಕೊನೆಗೆ ಇಳಿದು, ಬೀದಿಗೆಲ್ಲ ಕೇಳುವಂತೆ ಘೋಷಿಸಿದ: "ಪುಕ್ಕಟೆ ಕೊಟ್ರೂ ನನ್ನ ಮನೆ ಮುಂದೆ ಇದನ್ನ ನಿಲ್ಲಿಸ್ಕೊಳ್ಳಲ್ಲ. ನಮ್ಮ ಅಗಾಥಾ ಮುಂದೆ ಇದೇನು ಮಹಾ."

ಅಡುಗೆಮನೆಯ ಕಿಟಕಿಯಲ್ಲಿ ಆಪಲ್ ಪೈಗೆ ಹಿಟ್ಟು ಲಟ್ಟಿಸುತ್ತಿದ್ದ ವರ್ನಾ ಕೈ ನಿಲ್ಲಿಸಿ ಗಂಡನನ್ನೇ ನೋಡಿದಳು.

ಸ್ಟ್ರೋಬೆಲ್ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಕಾರು ತರುವಾಗ ಸ್ಮಶಾನದ ದಿಬ್ಬವನ್ನು ಎಲ್ಲೂ ಉಸಿರು ಕಟ್ಟದೆ ಏರಿತಪ್ಪ ಎಂದಷ್ಟೇ ಹೇಳಿದ. ಅಗಾಥಾ ಆ ದಿಬ್ಬವನ್ನು ಮೂರನೇ ಗೇರಿನಲ್ಲೇ ಏರುತ್ತಾಳೆ ಎಂದು ಓರಿನ್ ಬಡಾಯಿ ಕೊಚ್ಚಿದ. ಯುದ್ಧಕ್ಕೆ ಮುಂಚೆ ಒಮ್ಮೆ ಏರಿದ್ದೂ ನಿಜ, ಆದರೆ ಅದು ಹಿಂದಿನಿಂದ ಜೋರು ಗಾಳಿ ತಳ್ಳುತ್ತಿದ್ದ ದಿನ. ಹಾಗಾದರೆ ಊಟವಾದ ಮೇಲೆ ಎರಡನ್ನೂ ಏರಿಸಿ ನೋಡೋಣ ಎಂದು ಜನ ಪಟ್ಟು ಹಿಡಿದರು. ಬೇಡ ಎನ್ನಲು ಓರಿನ್‌ಗೆ ಬಾಯಿಯಿರಲಿಲ್ಲ, ಅದನ್ನು ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಬಳಸಿಯಾಗಿತ್ತು.

ಮಧ್ಯಾಹ್ನ ದಿಬ್ಬದ ಬುಡದಲ್ಲಿ ಬೀದಿಯೇ ನೆರೆದಿತ್ತು. ಅಗಾಥಾದಲ್ಲಿ ಸಾಕ್ಷಿಯಾಗಿ ಫ್ಲಾಯ್ಡ್ ಕೂತ. ಎಮಿಲ್ ಕಿಟಕಿಯ ಬಳಿ ಬಂದು ಓರಿನ್‌ನ ಕೈ ಕುಲುಕಿ, "ಬೆಳಿಗ್ಗೆ ಒಳ್ಳೇ ಮಾತು ಹೇಳ್ದೆ ಮಾರಾಯ, ಕಣ್ಣು ತೆರೆಸ್ದೆ," ಎಂದ. ಫ್ಲಾಯ್ಡೂ ಹೌದೆಂದು ತಲೆಯಾಡಿಸಿದ. ಓರಿನ್‌ನ ಎದೆಯುಬ್ಬಿತು.

ವೆಕ್ಸ್‌ಫರ್ಡ್ ಸದ್ದಿಲ್ಲದೆ ಏರಿಹೋಯಿತು. ಸ್ಟ್ರೋಬೆಲ್ ಏರುತ್ತಲೇ ಸಿಗಾರ್ ಹಚ್ಚಿಕೊಂಡದ್ದು ಕೆಳಗಿನವರಿಗೂ ಕಾಣಿಸಿತು. ಆಮೇಲೆ ಅಗಾಥಾ ಹೊರಟಳು. ಕಾಲು ಭಾಗ ಮೂರನೇ ಗೇರಿನಲ್ಲಿ, ಅರ್ಧಕ್ಕೆ ಎರಡರಲ್ಲಿ, ಮುಕ್ಕಾಲಿಗೆ ಒಂದರಲ್ಲಿ. ಆಮೇಲೆ ಬಾನೆಟ್ಟಿನಡಿ ಏನೋ ಢಣ್ ಎಂದಿತು. ರೇಡಿಯೇಟರಿನಿಂದ ಹಬೆಯೆದ್ದು ಮುಂದಿನ ಗಾಜನ್ನು ಮುಚ್ಚಿತು. ಕಾರು ಒಂದು ಕ್ಷಣ ಯೋಚಿಸಿ, ಹಿಂದಕ್ಕೆ ಜಾರತೊಡಗಿತು. ಫ್ಲಾಯ್ಡ್ ಬಾಗಿಲು ತೆಗೆದು ಗೋರಿಗಳ ಪಕ್ಕದ ಹುಲ್ಲಿಗೆ ನೆಗೆದ. ಓರಿನ್ ಬ್ರೇಕಿನ ಮೇಲೆ ನಿಂತೇ ಬಿಟ್ಟರೂ ಜಾರುತ್ತಲೇ ಹೋಗಿ, ದಿಬ್ಬದ ಬುಡದ ಪೊದೆಯಲ್ಲಿ ಅಗಾಥಾ ಹಿಂಭಾಗ ಹೂತು ನಿಂತಳು.

ಆಮೇಲಿನದು ಇನ್ನೂ ಕೆಟ್ಟದಾಗಿತ್ತು. ಸ್ಟ್ರೋಬೆಲ್ ತಾನೇ ಕೆಳಗೆ ಬಂದು, ಎಲ್ಲರ ಜೊತೆ ಸೇರಿ ಕಾರನ್ನು ರಸ್ತೆಗೆ ಎಳೆದು, ತನ್ನ ಹೊಸ ಕಾರಿನ ಬಂಪರನ್ನು ಅಗಾಥಾಗೆ ತಾಗಿಸಿ, ಮನೆಯವರೆಗೂ ತಳ್ಳುತ್ತೇನೆಂದ. ಗೀರು ಬೀಳುತ್ತದೆ ಎಂದು ಓರಿನ್ ಆಶೆಯಿಂದ ಎಚ್ಚರಿಸಿದ. ಬೀಳಲಿ ಬಿಡು, ನೆರೆಯವರಿಗಿಂತ ಬಂಪರ್ ಹೆಚ್ಚಾ ಎಂದ ಸ್ಟ್ರೋಬೆಲ್. ಗೀರೂ ಬೀಳಲಿಲ್ಲ.

ಹೀಗೆ ಶನಿವಾರ ಸಂತೆ ನೆರೆದ ಮೇನ್ ಸ್ಟ್ರೀಟಿನ ಉದ್ದಕ್ಕೂ ಓರಿನ್ ಪೆಲ್ಕಿ ಇಂಜಿನ್ ಸತ್ತ ಕಾರಿನ ಸ್ಟೀರಿಂಗ್ ಹಿಡಿದು ಮೆರವಣಿಗೆ ಹೋದ. ಪರಿಚಯದವರು ಕಂಡಾಗ ಬ್ರೇಕ್ ಪರೀಕ್ಷೆ ಮಾಡ್ತಿದ್ದೀವಿ ಎಂದ. ಅವನನ್ನು ಸುಟ್ಟದ್ದು ಅವಮಾನವಲ್ಲ. ಹಿಂದಿನ ಕಾರು ಎಲ್ಲೂ ಜಗ್ಗದೆ, ಕುಲುಕದೆ, ಬೆಣ್ಣೆಯಲ್ಲಿ ಚಾಕು ಸರಿದಂತೆ ತಳ್ಳುತ್ತಿತ್ತು. ಕ್ಲಚ್ಚಿಲ್ಲದ ಗೇರಿನ ಸುಖವೆಂದರೆ ಇದೇ ಎಂದು ಅವನ ಬೆನ್ನಿಗೆ ಅರ್ಥವಾಯಿತು. ಈ ಕಾರು ತನಗೂ ಬಂದೇ ಬರುತ್ತದೆ, ಇನ್ನು ಇಬ್ಬರು, ಇನ್ನು ಇಬ್ಬರೇ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮನೆಯ ಮೆಟ್ಟಿಲಲ್ಲಿ ವರ್ನಾ ಕಾಯುತ್ತಿದ್ದಳು. ಒಂದು ಕೈಯಲ್ಲಿ ಪೈ ಇತ್ತು, ಮುಖದಲ್ಲಿ ತೃಪ್ತಿಯಿತ್ತು.

"ಹೋಗ್‌ಲ್ಯಾಂಡ್ ಫೋನ್ ಮಾಡಿದ್ದ," ಎಂದಳು. "ಬೆಳಿಗ್ಗೆ ಲಾರೀಲಿ ಎರಡು ಕಾರು ಬಂದಿದ್ವಂತೆ. ಒಂದು ಸ್ಟ್ರೋಬೆಲ್‌ದು. ಇನ್ನೊಂದು ನಮ್ಮದಾಗಿತ್ತು."

ನಮ್ಮ ಮುಂದೆ ಇನ್ನಿಬ್ಬರಿದ್ದರಲ್ಲ ಎಂದು ಓರಿನ್ ತೊದಲಿದ.

"ಫ್ಲಾಯ್ಡ್, ಎಮಿಲ್. ಇಬ್ರೂ ಊಟದ ಹೊತ್ತಿಗೆ ಹೋಗಿ ಬೇಡ ಅಂದ್ರಂತೆ. ಯಾರೋ ತಿಳಿದವರು ಅದರ ಹುಳುಕೆಲ್ಲ ಬಿಡಿಸಿ ಹೇಳಿದ್ರಂತೆ. ಯಾರು ಅಂತ ನಂಗೆ ಗೊತ್ತಿತ್ತಲ್ಲ."

"ನೀನೇನಂದೆ?"

"ಮೂರು ಗಂಟೆಯೊಳಗೆ ಹೂಂ ಅನ್ಬೇಕು, ಇಲ್ಲಾಂದ್ರೆ ಮುಂದಿನವರಿಗೆ ಅಂದ. ನೀನು ಪುಕ್ಕಟೆ ಕೊಟ್ರೂ ಬೇಡ ಅಂದಿದ್ದು ನಾನೇ ಕೇಳಿದ್ದೀನಿ. ಅದನ್ನೇ ಹೇಳ್ದೆ. ಹೆಸರೂ ಹೊಡೆದು ಹಾಕು ಅಂದೆ. ನಿಜ ಹೇಳ್ಲಾ ಓರಿನ್, ಎರಡು ವರ್ಷದಿಂದ ನಂಗೆ ಆ ಕಾರಿನ ಮೇಲೆ ಪ್ರಾಣ ಇತ್ತು. ಕಷ್ಟ ಆಯ್ತು. ಆದ್ರೂ ಗಂಡನ ಮಾತು ಅಂತ ಮನಸ್ಸು ಗಟ್ಟಿ ಮಾಡ್ಕೊಂಡೆ."

ಓರಿನ್ ಮೆಟ್ಟಿಲ ಮೇಲೆ ಕುಸಿದ. ಗಂಟೆ ನಾಲ್ಕಾಗಿತ್ತು. ಮುಂದಿನವರು ಯಾರು ಎಂದು ಅವನು ಕೇಳುವ ಮೊದಲೇ ಬೀದಿಯ ತಿರುವಿನಲ್ಲಿ ಎರಡು ಸ್ವರದ ಹಾರನ್ ಕೇಳಿಸಿತು. ಸ್ಟ್ರೋಬೆಲ್‌ನ ಕಾರು ಅವನ ಕಣ್ಣೆದುರೇ ನಿಂತಿತ್ತು. ಬಂದದ್ದು ಇನ್ನೊಂದು. ಚಾಲಕನ ಜಾಗದಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡ ಗಸ್ ಕ್ರಮ್ ಕೂತಿದ್ದ. ಪಟ್ಟಿಯಲ್ಲಿ ಓರಿನ್‌ನ ನಂತರದ ಹೆಸರು ಅವನದು, ಸರೋವರದಿಂದ ಬರುವಾಗ ದಾರಿಯಲ್ಲಿ ಹೋಗ್‌ಲ್ಯಾಂಡ್ ಕೈ ಮಾಡಿ ನಿಲ್ಲಿಸಿದನಂತೆ. ಬೆಳಗಿನ ಭಾಷಣ ಕೇಳದವನು ಇಡೀ ಬೀದಿಯಲ್ಲಿ ಅವನೊಬ್ಬನೇ.

ಗಸ್ ಇಳಿದು ನೇರ ಓರಿನ್ ಬಳಿ ಬಂದ. "ನಿಂಗೆ ಇದರ ಬಗ್ಗೆ ಎಲ್ಲಾ ಗೊತ್ತಂತೆ. ಸೋಮವಾರ ಸಹಿ ಹಾಕ್ಬೇಕು, ಅಷ್ಟರೊಳಗೆ ಬೇಡ ಅಂದ್ರೆ ಹೋಗ್‌ಲ್ಯಾಂಡ್ ವಾಪಸ್ ತಗೋತಾನೆ. ನೀನು ಹೇಳ್ದಂಗೆ ಮಾಡ್ತೀನಿ. ಇಟ್ಕೊಳ್ಳಾ, ಬಿಡ್ಲಾ?"

ಓರಿನ್‌ನ ಕಣ್ಣಲ್ಲಿ ಜೀವ ಬಂತು. ಗಸ್ ಬಿಟ್ಟರೆ ಸೋಮವಾರ ಬೆಳಿಗ್ಗೆ ಹೋಗ್‌ಲ್ಯಾಂಡ್‌ನ ಕಾಲು ಹಿಡಿದಾದರೂ ತಂದುಬಿಡಬಹುದು. ಜನ ಏನಾದರೂ ಅಂದುಕೊಳ್ಳಲಿ. ಅವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಬೆಳಿಗ್ಗೆ ಹೇಳಿದ್ದನ್ನೆಲ್ಲ ಹೇಳಿದ, ಹೇಳದ್ದನ್ನೂ ಹೇಳಿದ. ಮಿನುಗುವ ಕ್ರೋಮ್ ಕಂಬಿಗಳಿಗೆ ಸಿಡಿಲು ಬಡಿಯುತ್ತದೆ ಎಂದ. ಹೀಟರಿನ ಬಿಸಿಗಾಳಿಗೆ ಹಲ್ಲು ಸಡಿಲವಾಗುತ್ತದೆ ಎಂದ. ಗಸ್‌ನ ಮುಖ ಇಳಿಯುತ್ತ ಹೋಯಿತು.

ಈ ನಡುವೆ ವರ್ನಾ ಮೆಲ್ಲಗೆ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಒಂದೇ ತುಂಡಿನ ಗಾಜಿನಾಚೆ ಇಡೀ ಬೀದಿ ಕಾಣುತ್ತಿತ್ತು. ಅವಳು ಸೀಟಿನ ಮೇಲೆ ಕೈಯಾಡಿಸಿದಳು, ರೇಡಿಯೋದ ಒಂದು ಗುಂಡಿ ಒತ್ತಿದಳು, ಹಾಡು ಬಂತು. ಕಿಟಕಿಯ ಹೊರಗೆ ಗಂಡ ಬೆವರು ಸುರಿಸಿಕೊಂಡು ಕೈಬೀಸಿ ಮಾತಾಡುತ್ತಿದ್ದ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಮುಖ ಓದಲು ಬರುವುದಿಲ್ಲವೇ.

"ಆಯ್ತು ಬಿಡು, ವಾಪಸ್ ಕೊಟ್ಬಿಡ್ತೀನಿ," ಎಂದ ಗಸ್.

"ಕೊಡ್ಬೇಡ ಗಸ್," ಎಂದಳು ವರ್ನಾ ಒಳಗಿನಿಂದ. "ಕಾರು ಬಂಗಾರದಂಗಿದೆ. ಇವನಿಗೆ ಹೊಟ್ಟೆಕಿಚ್ಚು, ಅಷ್ಟೇ. ಬೆಳಿಗ್ಗೆ ಕಿಟಕೀಲಿ ನಿಂತು ಕೇಳ್ದೆ, ಕಾರಲ್ಲಿ ಕೂತು ನೋಡ್ಲಿಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ."

ಹಾರನ್ ಕೇಳಿ ಬಂದು ನಿಂತಿದ್ದ ಫ್ಲಾಯ್ಡ್ ಮತ್ತು ಎಮಿಲ್ ಓರಿನ್‌ನ ಕಡೆ ನಿಧಾನವಾಗಿ ತಿರುಗಿದರು.

ವರ್ನಾ ಒಂದು ನಿಮಿಷ ಇರು ಎಂದು ಹೇಳಿ, ಒಳಗೆ ಹೋಗಿ ಹ್ಯಾಟು ಹಾಕಿಕೊಂಡು ಬಂದಳು. ಊರು ಒಂದು ಸುತ್ತು ಹಾಕಿಸ್ತೀಯಾ ಎಂದು ಗಸ್‌ನನ್ನು ಕೇಳಿ ಮುಂದಿನ ಸೀಟಿನಲ್ಲೇ ಕೂತಳು. ಫ್ಲಾಯ್ಡ್ ಮತ್ತು ಎಮಿಲ್ ತನ್ನತ್ತ ಬರುತ್ತಿರುವುದನ್ನು ಕಂಡು ಓರಿನ್ ಕೂಡ ಓಡಿಹೋಗಿ ಹಿಂದಿನ ಬಾಗಿಲು ತೆರೆದ. ಗಸ್ ತಿರುಗಿ ನೋಡಿ ಕ್ಷಮೆ ಕೇಳಿದ. ಹಿಂದಿನ ಸೀಟಿನ ತುಂಬ ಮೀನಿತ್ತು.